ಮೊದಲು ನಕ್ಕವರು ಯಾರು?

ಹೆರಿಗೆಯಾದ ಮನೆಗೆ ಕೂಸನ್ನು ನೋಡಲು ಬರುವವರು ಕೇಳುವ ಪ್ರಶ್ನೆಗಳಲ್ಲಿ ಒಂದು ಕ್ರಮವಿರುವುದನ್ನು ನೀವೂ ಗಮನಿಸಿರಬಹುದು. ಮೊದಲ ವಾರದಲ್ಲಿ ‘ಯಾರನ್ನು ಹೋಲುತ್ತದೆ?’ ಎಂಬ ಪ್ರಶ್ನೆ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ‘ಏನು ಹೆಸರಿಡುತ್ತೀರಿ?’ ಎಂಬ ಪ್ರಶ್ನೆ. ತಿಂಗಳು ತುಂಬಿ ಮೇಲೆ ಎಂಟು ಹತ್ತು ದಿನ ಕಳೆಯಿತೆಂದರೆ ‘ನಗುತ್ತದೆಯೇ?’ ಎಂಬ ಪ್ರಶ್ನೆ. ಮೊದಲಿನ ಎರಡಕ್ಕೆ ದೊಡ್ಡವರೇ ಉತ್ತರ ಹೇಳಿಬಿಡುತ್ತಾರೆ. ಮೂಗು ತಂದೆಯದೆಂದು ಆ ಕಡೆಯವರು, ತಾಯಿಯದೆಂದು ಈ ಕಡೆಯವರು ವಾದ ಮಾಡಿ, ಕೊನೆಗೆ ಕಾಫಿ ಕುಡಿದು ರಾಜಿಯಾಗುತ್ತಾರೆ. ಮೂರನೆಯ ಪ್ರಶ್ನೆಗೆ ಮಾತ್ರ ಕೂಸೇ ಉತ್ತರ ಕೊಡಬೇಕು.

ಅದು ಉತ್ತರ ಕೊಟ್ಟ ದಿನ ಮನೆಯೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ಹಾಲು, ನಿದ್ದೆ, ಒದ್ದೆ ಬಟ್ಟೆ ಇವುಗಳ ಲೆಕ್ಕದಲ್ಲೇ ಇದ್ದ ಕೂಸು ಅಂದಿನಿಂದ ಮನೆಯ ಒಬ್ಬ ಸದಸ್ಯನಾಗುತ್ತದೆ. ‘ನನ್ನನ್ನು ನೋಡಿ ನಕ್ಕಿತು’ ಎಂದು ಅಜ್ಜ ಹೇಳುತ್ತಾನೆ. ‘ನಿನ್ನೆಯೇ ನನ್ನ ಮುಂದೆ ನಕ್ಕಿತ್ತು, ದೃಷ್ಟಿಯಾದೀತೆಂದು ನಾನೇ ಹೇಳಲಿಲ್ಲ’ ಎಂದು ಅಜ್ಜಿ ಅದನ್ನು ಒಂದು ದಿನ ಹಿಂದಕ್ಕೆ ಒಯ್ಯುತ್ತಾಳೆ. ಆ ನಗುವಿಗೆ ಎಲ್ಲರೂ ಹಕ್ಕುದಾರರೇ.

ನನಗೆ ಬಹಳ ದಿನಗಳಿಂದ ಕಾಡುವ ಪ್ರಶ್ನೆ ಇದು: ನಿಜಕ್ಕೂ ಆ ನಗು ಯಾರದು? ಕೂಸು ತಾನಾಗಿ ನಕ್ಕಿತೋ, ನಾವು ನಗಿಸಿದೆವೋ? ಅದು ನಗುವ ಮುಂಚೆ ಅಷ್ಟು ದಿನ ಅದರ ಮುಖಕ್ಕೆ ಮುಖವಿಟ್ಟು ನಾವು ನಕ್ಕದ್ದು, ಮಾತಾಡಿದ್ದು ಬರೀ ನಮ್ಮ ಸಂತೋಷಕ್ಕೋ? ಹುಡುಗಾಟದ ಪ್ರಶ್ನೆಯಂತೆ ಕಾಣಬಹುದು. ಆದರೆ ತಿರುಗಿ ಏನನ್ನೂ ಕೊಡಲಾರದವರಿಗೆ ನಾವು ಏನು ಕೊಡಬೇಕಾಗಿದೆ ಎಂಬ ದೊಡ್ಡ ಪ್ರಶ್ನೆ ಇದರ ಬೆನ್ನಿಗೇ ಅಂಟಿಕೊಂಡಿದೆ.

ಕನ್ನಡ ಪಾಠ ಹೇಳುವವಳಾದ್ದರಿಂದ ಮೊದಲು ಶಬ್ದದ ವಿಚಾರ. ಇಂಗ್ಲಿಷಿನಲ್ಲಿ ತುಟಿಯ ನಗೆಗೆ ಒಂದು ಶಬ್ದ, ಗಂಟಲಿನ ನಗೆಗೆ ಇನ್ನೊಂದು. ನಮ್ಮಲ್ಲಿ ಎರಡೂ ನಗೆಯೇ. ಬೇಕಾದರೆ ಅದರ ಹಿಂದೆ ಮುಂದೆ ಏನಾದರೂ ಸೇರಿಸಿಕೊಳ್ಳುತ್ತೇವೆ: ನಸುನಗೆ, ಹುಸಿನಗೆ, ಕುಹಕದ ನಗೆ, ಗಹಗಹಿಸಿ ನಗುವುದು, ಕಿಲಕಿಲ ನಗುವುದು. ಇವೆಲ್ಲಕ್ಕಿಂತ ಚೆಂದದ್ದು ಮುಗುಳ್ನಗೆ. ಮುಗುಳು ಎಂದರೆ ಮೊಗ್ಗು. ಕೂಸಿನ ಮಟ್ಟಿಗಂತೂ ಈ ಶಬ್ದ ಅಕ್ಷರಶಃ ನಿಜ. ಆರೇಳು ವಾರಕ್ಕೆ ಮೊಗ್ಗು ಕಾಣಿಸಿಕೊಳ್ಳುತ್ತದೆ, ಮೂರು ನಾಲ್ಕು ತಿಂಗಳಿಗೆ ಅದೇ ಅರಳಿ ಸದ್ದು ಮಾಡುವ ನಗುವಾಗುತ್ತದೆ. ಮೊಗ್ಗು ಗಿಡದ್ದೇ, ಯಾರೂ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಆದರೆ ನೀರು ಬಿಸಿಲು ಇಲ್ಲದೆ ಅದು ಅರಳುವುದೂ ಇಲ್ಲ.

ಅದಕ್ಕೂ ಮುಂಚೆ, ಹುಟ್ಟಿದ ಮೊದಮೊದಲ ದಿನಗಳಲ್ಲಿ, ನಿದ್ದೆಯಲ್ಲಿ ಒಂದು ನಗೆ ಬರುತ್ತದೆ. ನಮ್ಮ ಹಾವೇರಿ ಕಡೆ ಹಳೆಯ ಹೆಂಗಸರು ಅದನ್ನು ಸಟವಿಯ ಲೆಕ್ಕಕ್ಕೆ ಹಾಕುತ್ತಿದ್ದರು. ಹುಟ್ಟಿದ ಆರನೆಯ ರಾತ್ರಿ ಬಂದು ಹಣೆಬರಹ ಬರೆದು ಹೋಗುವ ತಾಯಿ ಅವಳು. ‘ಸಟವಿ ನಗಸಾಕತ್ತಾಳವ್ವಾ, ಎಬ್ಬಸಬ್ಯಾಡ್ರಿ’ ಎಂದು ನಮ್ಮಜ್ಜಿ ತೊಟ್ಟಿಲ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ನಮ್ಮ ವಿಜ್ಞಾನದ ಮೇಷ್ಟ್ರು, ‘ಸಟವಿಯೂ ಅಲ್ಲ ಗಿಟವಿಯೂ ಅಲ್ಲ ಟೀಚರ್, ಹೊಟ್ಟೆಯೊಳಗಿನ ಗಾಳಿ’ ಎಂದರು. ವಿಚಿತ್ರವೆಂದರೆ ಈ ಗಾಳಿಯ ಮಾತೂ ಒಂದು ಮೂಢನಂಬಿಕೆಯೇ. ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ ಒಂದು ಹಂತವಿದೆ. ಎಳೆಗೂಸುಗಳ ಮಿದುಳು ಆಗ ಬಹಳ ಚುರುಕಾಗಿರುತ್ತದೆ. ತುಟಿಯ ಅಂಚು ಮೇಲೇಳುವುದು ಹೆಚ್ಚಾಗಿ ಆ ಹಂತದಲ್ಲೇ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಇದು ಇನ್ನೂ ಹೆಚ್ಚು ಕಾಣುತ್ತದಂತೆ. ಈಗಿನ ಸ್ಕ್ಯಾನಿಂಗಿನಲ್ಲಿ ಗರ್ಭದೊಳಗಿನ ಕೂಸಿನ ತುಟಿಯೂ ಹಾಗೆ ಅರಳುವುದನ್ನು ನೋಡಬಹುದು. ಅಂದರೆ ನಗುವಿನ ಅಭ್ಯಾಸ ಲೋಕಕ್ಕೆ ಬರುವ ಮುಂಚೆಯೇ ನಡೆದಿರುತ್ತದೆ. ಆದರೆ ಅದು ವಿಳಾಸವಿಲ್ಲದ ಕಾಗದದ ಹಾಗೆ, ಯಾರಿಗೆಂದು ಬರೆದದ್ದಲ್ಲ.

ವಿಳಾಸ ಬೀಳುವುದು ಯಾವಾಗ? ಈ ಕುತೂಹಲ ನಮ್ಮ ಕಾಲದ್ದು ಮಾತ್ರವಲ್ಲ. ಮನುಷ್ಯನೊಬ್ಬನೇ ನಗುವ ಪ್ರಾಣಿ ಎಂದ ಗ್ರೀಸಿನ ಅರಿಸ್ಟಾಟಲ್, ಕೂಸುಗಳು 40 ದಿನದವರೆಗೆ ಎಚ್ಚರದಲ್ಲಿ ನಗುವುದಿಲ್ಲ, ನಿದ್ದೆಯಲ್ಲಿ ನಗುವುದುಂಟು ಎಂದು ಬರೆದಿಟ್ಟಿದ್ದಾನೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಪ್ಲಿನಿ ಅದೇ 40 ದಿನದ ಲೆಕ್ಕ ಕೊಟ್ಟು, ಹುಟ್ಟಿದ ದಿನವೇ ನಕ್ಕವನೆಂದು ಜರತುಷ್ಟ್ರನೊಬ್ಬನ ಹೆಸರನ್ನು ಹೇಳುತ್ತಾನೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನನ್ನು ದಿನದಿನವೂ ನೋಡಿ ಟಿಪ್ಪಣಿ ಬರೆದುಕೊಂಡಿದ್ದ. 1877ರಲ್ಲಿ ಅದನ್ನು ಪ್ರಕಟಿಸಿದಾಗ, ಒಂದು ಮಗು 45ನೆಯ ದಿನ, ಇನ್ನೊಂದು 46ನೆಯ ದಿನ ನಕ್ಕಿತೆಂದು ದಾಖಲಿಸಿದ. ಅದು ನಿಜವಾದ ನಗೆಯೆಂದು ಅವನಿಗೆ ಗೊತ್ತಾದದ್ದು ಕಣ್ಣಿನಿಂದ: ಕಣ್ಣು ಹೊಳೆಯಿತು, ರೆಪ್ಪೆ ಸ್ವಲ್ಪ ಮುಚ್ಚಿತು. ಆ ನಗೆ ಹೆಚ್ಚಾಗಿ ಬಂದದ್ದು ತಾಯಿಯನ್ನು ನೋಡುವಾಗ. ಇವತ್ತಿನ ಮಕ್ಕಳ ವೈದ್ಯರೂ ಆರರಿಂದ ಎಂಟು ವಾರ ಎನ್ನುತ್ತಾರೆ. ಅರಿಸ್ಟಾಟಲನಿಗೂ ನಮ್ಮೂರಿನ ಎರೆಯುವ ಅಜ್ಜಿಗೂ ಇಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ.

ಆ ಆರು ವಾರ ಕೂಸಿಗೆ ಏನು ಕಾಣುತ್ತದೆ? ಅದರ ಕಣ್ಣು ಒಂದು ಗೇಣಿಗಿಂತ ತುಸು ಆಚೆಗಿನದನ್ನು ಮಾತ್ರ ಒಂದಿಷ್ಟು ಸ್ಪಷ್ಟವಾಗಿ ಹಿಡಿಯಬಲ್ಲದು. ಹೆಚ್ಚೆಂದರೆ 25–30 ಸೆಂಟಿಮೀಟರು. ಆಚೆಗೆಲ್ಲ ಮಬ್ಬು. ಹಾಲು ಕುಡಿಯುವ ಕೂಸಿನ ಕಣ್ಣಿನಿಂದ ತಾಯಿಯ ಮುಖಕ್ಕಿರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಲೋಕವೆಂದರೆ ಅದಕ್ಕೆ ಸದ್ಯಕ್ಕೆ ಒಂದು ಮುಖ. ಆ ಮುಖ ಏನು ಮಾಡುತ್ತದೆಂಬುದರ ಮೇಲೆ ಲೋಕ ಎಂಥದೆಂಬ ಅದರ ಮೊದಲ ಪಾಠ ನಿಂತಿದೆ.

ಇಲ್ಲಿ ನಾವು ಮಾಡುವ ಕೆಲಸವನ್ನು ದೂರದಿಂದ ನೋಡಿದರೆ ಹುಚ್ಚೆನ್ನಿಸೀತು. ಬಚ್ಚಲಲ್ಲಿ ಅಜ್ಜಿ ಕಾಲು ಚಾಚಿ ಕೂಸನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾಳೆ. ‘ಯಾರಂವ ಇಂವ? ಸಾಹೇಬನೇನು? ನೀರು ಬಿಸಿ ಆತೇನು ಸಾಹೇಬಗ? ಹೌದಂತ, ಬಿಸಿ ಆತಂತ!’ ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಕೂಸು ಮುಖ ಕಿವುಚಿದರೆ ‘ಸಿಟ್ಟು ಬಂತೇನೋ’ ಎಂದು ಕ್ಷಮೆ ಕೇಳುತ್ತಾಳೆ, ಆಕಳಿಸಿದರೆ ‘ಬ್ಯಾಸರಾತೇನು’ ಎಂದು ಉಪಚಾರ ಮಾಡುತ್ತಾಳೆ. ಒಂದು ದಿನವಲ್ಲ, ಎರಡು ದಿನವಲ್ಲ, ನಲವತ್ತು ಐವತ್ತು ದಿನ, ಆ ಕಡೆಯಿಂದ ಒಂದೇ ಒಂದು ಉತ್ತರವಿಲ್ಲದೆ ಈ ಸಂಭಾಷಣೆ ನಡೆಯುತ್ತದೆ. ದೊಡ್ಡವರಲ್ಲಿ ಯಾರಾದರೂ ನಮ್ಮ ನಮಸ್ಕಾರಕ್ಕೆ ಎರಡು ಸಲ ತಿರುಗಿ ನಮಸ್ಕಾರ ಹೇಳದಿದ್ದರೆ ಮೂರನೆಯ ಸಲ ನಾವು ರಸ್ತೆಯ ಆ ಪಕ್ಕಕ್ಕೆ ದಾಟಿಬಿಡುತ್ತೇವೆ.

‘ಇದು ನಮಗೆ ನಾವೇ ಮಾಡಿಕೊಳ್ಳುವ ಮೋಸ’ ಎಂಬುದು ಮೇಷ್ಟ್ರ ವಾದ. ಕೂಸಿಗೆ ಸಾಹೇಬನೂ ಗೊತ್ತಿಲ್ಲ, ಬೇಸರವೂ ಗೊತ್ತಿಲ್ಲ. ಇಲ್ಲದ ಮನಸ್ಸನ್ನು ನಾವೇ ಆರೋಪಿಸಿ ನಾವೇ ನಲಿಯುತ್ತೇವೆ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಲ್ಲದ್ದನ್ನು ಇದೆ ಎನ್ನುವುದು ಸುಳ್ಳೇ. ಆದರೆ ಬಿತ್ತನೆ ಮಾಡುವ ರೈತ ಬರಿಯ ಮಣ್ಣನ್ನು ನೋಡಿ ‘ನನ್ನ ಜೋಳ’ ಎಂದರೆ ಅದನ್ನು ಸುಳ್ಳೆನ್ನುತ್ತೇವೆಯೇ? ಆ ಮಾತಿನ ಜೊತೆಗೆ ಅವನು ದಿನಾ ಹೊಲಕ್ಕೆ ಹೋಗುತ್ತಾನೆ. ಕೂಸಿನ ವಿಷಯದಲ್ಲೂ ಹಾಗೆಯೇ. ಅದಕ್ಕೆ ಮನಸ್ಸಿದೆ ಎಂದು ನಂಬಿ ನಡೆದುಕೊಂಡರೆ ಆ ಮನಸ್ಸು ಬೆಳೆಯಲು ಬೇಕಾದದ್ದು ಅದಕ್ಕೆ ಸಿಗುತ್ತದೆ. ಇದು ಮುಂಗಡವಾಗಿ ಕೊಟ್ಟ ನಂಬಿಕೆ. ನಮಗೂ ಯಾರೋ ಹೀಗೆ ಕೊಟ್ಟಿದ್ದರು, ನಮಗೆ ನೆನಪಿಲ್ಲ ಅಷ್ಟೆ.

ಹಾಗಾದರೆ ಕೂಸು ನಮ್ಮ ನಗೆಯನ್ನು ನೋಡಿ ಕಾಪಿ ಹೊಡೆಯುತ್ತದೆಯೇ? ಅದೂ ಅಲ್ಲ. ಹುಟ್ಟುಕುರುಡಾದ ಕೂಸುಗಳೂ ನಗುತ್ತವೆ. ಒಂದು ನಗುಮುಖವನ್ನೂ ಕಾಣದ ಆ ತುಟಿಗಳು ತಾಯಿಯ ದನಿ ಕೇಳಿದೊಡನೆ, ಗೊತ್ತಿರುವ ಕೈ ಮುಟ್ಟಿದೊಡನೆ ಅರಳುತ್ತವೆ. ಆದ್ದರಿಂದ ನಗೆಯನ್ನು ನಾವು ಕಲಿಸುವುದಿಲ್ಲ. ಅದು ಅವರೊಳಗೇ ಇದೆ. ನಾವು ಕೊಡುವುದು ಆ ವಿಳಾಸವನ್ನು. ‘ಇಲ್ಲಿ ಒಬ್ಬರಿದ್ದೇವೆ, ನಿನ್ನದು ಇಲ್ಲಿಗೆ ಮುಟ್ಟುತ್ತದೆ’ ಎಂದು ತಿಳಿಸುವುದಷ್ಟೇ ನಮ್ಮ ಕೆಲಸ.

ಮುಂಗಡವಾಗಿ ಕೊಡುವ ಈ ಕೆಲಸ ಎಷ್ಟು ಕಷ್ಟದ್ದಾಗಬಹುದೆಂದು ನನಗೆ ತಿಳಿದದ್ದು ನನ್ನ ತಂಗಿಯ ಮಗಳ ಬಾಣಂತನದಲ್ಲಿ. ಅವಳಿಗೆ ಏಳು ವಾರ ಮುಂಚೆಯೇ ಹೆರಿಗೆಯಾಯಿತು. ಕೂಸನ್ನು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮನೆಗೆ ಬಂದ ಮೇಲೆ ಎಣಿಕೆ ಶುರುವಾಯಿತು. ಐವತ್ತು ದಿನವಾಯಿತು, ಅರವತ್ತಾಯಿತು, ಎಪ್ಪತ್ತಾಯಿತು. ಬಂದವರೆಲ್ಲ ‘ಕೂಸು ಇನ್ನೂ ನಗವಲ್ದಲ್ಲ!’ ಎಂದು ಕೇಳುವುದು, ತಮ್ಮ ತಮ್ಮ ಮೊಮ್ಮಕ್ಕಳು ಎಷ್ಟನೆಯ ದಿನಕ್ಕೆ ನಕ್ಕವೆಂದು ಹೇಳುವುದು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಮಾತು ಬೇಕಲ್ಲ, ಅದಕ್ಕೆ ಕೇಳುತ್ತಿದ್ದರು. ಆದರೆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರುಮಾಡಿದಳು. ಕೂಸಿಗೆ ಹಾಲು ಕೊಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಮುಂದೆ, ‘ಅದು ನನ್ನ ನೋಡಿ ನಗೋದಿಲ್ಲ ಅಂದ ಮ್ಯಾಲೆ ನಾ ಯಾಕ ನಗಬೇಕು ದೊಡ್ಡವ್ವಾ?’ ಎಂದಳು. ಮೇಷ್ಟ್ರ ವಾದವನ್ನು ತಮಾಷೆಯಾಗಿ ಕೇಳಿದ್ದ ನನಗೆ ಈ ಪ್ರಶ್ನೆಗೆ ನಗಲಾಗಲಿಲ್ಲ.

ಡಾಕ್ಟರಮ್ಮ ಎರಡು ಮಾತು ಹೇಳಿದರು. ಒಂದು, ಇಂಥ ಕೂಸಿನ ನಗುವನ್ನು ಹುಟ್ಟಿದ ದಿನದಿಂದ ಎಣಿಸಬಾರದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಹಾಗೆ ಎಣಿಸಿಯೂ ಮೂರು ತಿಂಗಳಿಗೆ ನಗದಿದ್ದರೆ ಕಣ್ಣು, ಕಿವಿ, ಬೆಳವಣಿಗೆ ಪರೀಕ್ಷಿಸಬೇಕೇ ಹೊರತು ಅದಕ್ಕೂ ಮುಂಚೆ ಗಾಬರಿ ಬೇಡ. ಇನ್ನೊಂದು, ಈಗ ಔಷಧಿ ಬೇಕಾದದ್ದು ಕೂಸಿಗಲ್ಲ, ತಾಯಿಗೆ. ಬಾಣಂತಿ ಸನ್ನಿ ಎಂಬ ಶಬ್ದ ನಮ್ಮ ಹಿರಿಯರಲ್ಲಿತ್ತು. ಕೂಗಾಡುವ, ಎದ್ದು ಓಡುವ ತೀವ್ರ ಸ್ಥಿತಿಗೆ ಅದನ್ನು ಬಳಸುತ್ತಿದ್ದರು. ಆದರೆ ಸುಮ್ಮನೆ ಗೋಡೆಗೆ ಮುಖ ಮಾಡಿ ಮಲಗುವ ಬಾಣಂತಿಗೆ ನಮ್ಮಲ್ಲಿ ಶಬ್ದವೇ ಇರಲಿಲ್ಲ. ಸೊಕ್ಕು, ಸೋಮಾರಿತನ, ತಾಯ್ತನವಿಲ್ಲದವಳು ಎಂಬ ಬಿರುದುಗಳಿದ್ದವು. ಹೆರಿಗೆಯ ನಂತರ ಬರುವ ಈ ಖಿನ್ನತೆ ಒಂದು ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಉಪಚರಿಸುವ ವಿಭಾಗ 2009ರಲ್ಲಿಯೇ ಶುರುವಾಗಿದೆ. ನಮ್ಮ ಹುಡುಗಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಇಲ್ಲೇ ಮಾನಸಿಕ ತಜ್ಞರ ಸಲಹೆಯಂತೆ ಕೆಲವು ತಿಂಗಳು ಔಷಧಿ ತೆಗೆದುಕೊಂಡಳು. ಅವಳು ನಗಲಾರದಿದ್ದ ದಿನಗಳಲ್ಲಿ ಎರೆಯುವ ಅಜ್ಜಿ, ಅವಳ ತಾಯಿ, ಗಂಡ ಸರದಿಯ ಮೇಲೆ ಕೂಸಿಗೆ ಮುಖವಾದರು. ಹುಟ್ಟಿದ 96ನೆಯ ದಿನ ಕೂಸು ನಕ್ಕಿತು. ಏಳು ವಾರ ಕಳೆದು ನೋಡಿದರೆ 47ನೆಯ ದಿನ. ಡಾರ್ವಿನ್ನನ ಮಕ್ಕಳಿಗಿಂತ ಒಂದೆರಡು ದಿನ ಹೆಚ್ಚು, ಅಷ್ಟೆ. ಕೂಸು ತನ್ನ ಲೆಕ್ಕವನ್ನು ತಪ್ಪಿರಲಿಲ್ಲ.

ಆ ಸಮಯದಲ್ಲಿ ನನಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗ ನೆನಪಾಗುತ್ತಿತ್ತು. ಕೆಲವು ತಿಂಗಳ ಕೂಸಿನ ಮುಂದೆ ಕುಳಿತು ಆಡಿಸುತ್ತಿರುವ ತಾಯಿ, ಹೇಳಿಕೊಟ್ಟಂತೆ, ಒಂದೆರಡು ನಿಮಿಷ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ಮನೆ ನೋಡುತ್ತಾಳೆ. ಕೂಸಿಗೆ ತಕ್ಷಣ ಗೊತ್ತಾಗುತ್ತದೆ. ಅದು ನಗುತ್ತದೆ, ತಾಯಿ ನಗುವುದಿಲ್ಲ. ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ಮತ್ತೆ ನಗುತ್ತದೆ. ಏನೂ ಆಗದಿದ್ದಾಗ ಮುಖ ತಿರುಗಿಸಿಕೊಂಡು ಕುಗ್ಗುತ್ತದೆ. ಇದನ್ನು ಹೇಳಿ ಬಾಣಂತಿಯರನ್ನು ಹೆದರಿಸುವುದು ಸುಲಭ. ಆದರೆ ಅದೇ ಟ್ರಾನಿಕ್ ಇನ್ನೊಂದು ಮಾತನ್ನೂ ತೋರಿಸಿದ್ದಾನೆ: ಎಲ್ಲ ಚೆನ್ನಾಗಿರುವ ತಾಯಿ–ಕೂಸುಗಳ ನಡುವೆಯೂ ಹೆಚ್ಚಿನ ಹೊತ್ತು ತಾಳ ತಪ್ಪುತ್ತಲೇ ಇರುತ್ತದೆ, ತಪ್ಪಿ ಮತ್ತೆ ಕೂಡುತ್ತದೆ. ಕೂಸು ಕಲಿಯುವುದು ಆ ಮತ್ತೆ ಕೂಡುವಿಕೆಯಿಂದ. ಯಾವಾಗಲೂ ನಗುತ್ತಿರಬೇಕೆಂದು ಯಾವ ತಾಯಿಯ ಮೇಲೂ ಕಟ್ಟುಪಾಡಿಲ್ಲ. ಇನ್ನು ಕೂಸಿಗೆ ಮುಖವಾಗುವ ಕೆಲಸ ತಾಯಿಯೊಬ್ಬಳದೇ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಪೇಪರಿನ ಹಿಂದೆ, ಮೊಬೈಲಿನ ಹಿಂದೆ ಮುಖ ಅಡಗಿಸಿಕೊಂಡ ಗಂಡಸರಿಗೂ ಕೂಸಿನಿಂದ ಒಂದು ಗೇಣು ದೂರದಲ್ಲಿ ಜಾಗವಿದೆ.

ನಮ್ಮ ಭಾಷೆಯಲ್ಲಿ ‘ಮುಖ ಕೊಟ್ಟು ಮಾತಾಡುವುದು’ ಎಂಬ ಒಳ್ಳೆಯ ಮಾತಿದೆ. ‘ಮದುವೆ ಮನೆಯಲ್ಲಿ ಸಿಕ್ಕಿದ್ದಳು, ಮುಖ ಕೊಟ್ಟು ಮಾತಾಡಲಿಲ್ಲ’ ಎಂದರೆ ಎಷ್ಟೊಂದು ಅವಮಾನ ಅದರಲ್ಲಿದೆ! ಕೂಸಿಗೂ ಇದು ಗೊತ್ತು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರೆನೆ ಸ್ಪಿಟ್ಜ್ ಎಂಬ ವೈದ್ಯ 1946ರಲ್ಲಿ ಕೂಸುಗಳ ನಗೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ. ಮೂರರಿಂದ ಆರು ತಿಂಗಳ ಕೂಸು ಎದುರಿಗೆ ಬಂದು ತಲೆಯಾಡಿಸುವ ಯಾವ ಮುಖಕ್ಕಾದರೂ ನಗುತ್ತದೆ. ಗುರುತಿನವರೇ ಆಗಬೇಕಿಲ್ಲ, ಮುಖವಾಡವಾದರೂ ಸರಿ. ಆದರೆ ಆ ಮುಖ ಪಕ್ಕಕ್ಕೆ ತಿರುಗಿದೊಡನೆ ನಗು ನಿಂತುಹೋಗುತ್ತದೆ. ‘ಅಯ್ಯೋ, ಮುಖವಾಡಕ್ಕೂ ನಗುತ್ತದೆಯೇ?’ ಎಂದು ತಾಯಂದಿರಿಗೆ ನಿರಾಸೆಯಾಗಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಜಾತಿ, ಬಣ್ಣ, ಸೀರೆ, ಸಂಬಳ ಏನನ್ನೂ ಕೇಳದೆ, ಎದುರಿಗೆ ಮುಖ ಕೊಟ್ಟವರಿಗೆಲ್ಲ ನಗುವ ಕಾಲವೊಂದು ಪ್ರತಿಯೊಬ್ಬರ ಬದುಕಿನಲ್ಲೂ ಬಂದುಹೋಗಿದೆ. ಏಳೆಂಟು ತಿಂಗಳಿಗೆ ಕೂಸು ನಮ್ಮವರು, ಬೇರೆಯವರು ಎಂದು ಗುರುತು ಹಿಡಿದು ಅಪರಿಚಿತರಿಗೆ ಅಳಲು ಶುರುಮಾಡುತ್ತದೆ. ಅದೂ ಬೇಕಾದದ್ದೇ. ಆದರೂ ಮನುಷ್ಯ ಮೊದಲು ಕಲಿತದ್ದು ಭೇದವನ್ನಲ್ಲ.

ನಮ್ಮ ಓಣಿಯ ಒಂದು ಮನೆಯಲ್ಲಿ ಮೂರನೆಯದೂ ಹೆಣ್ಣಾಯಿತೆಂದು ಅತ್ತೆ ಬಾಣಂತಿಯ ಕೋಣೆಗೆ ಕಾಲಿಡಲಿಲ್ಲ. ಎರಡೂವರೆ ತಿಂಗಳಾದ ಮೇಲೆ ಒಂದು ದಿನ ಸೊಸೆ ಬಟ್ಟೆ ಒಣಹಾಕಲು ಹೋದಾಗ ಕೂಸು ಅತ್ತಿತು. ಬೇರೆ ಯಾರೂ ಇರಲಿಲ್ಲವೆಂದು ಆಕೆ ಬಗ್ಗಿ ನೋಡಿದಳು. ಕೂಸು ಅಳು ನಿಲ್ಲಿಸಿ ನಕ್ಕಿತು. ಈ ಹೆಂಗಸು ತನ್ನನ್ನು ಬೇಡವೆಂದವಳು ಎಂದು ಅದಕ್ಕೇನು ಗೊತ್ತು! ಅಂದಿನಿಂದ ಆ ಅಜ್ಜಿಯ ಕಂಕುಳಿನಿಂದ ಕೂಸು ಇಳಿದದ್ದೇ ಇಲ್ಲ. ಓಣಿಯವರೆಲ್ಲ ‘ನಕ್ಕು ಗೆದ್ದಿತು ನೋಡ್ರಿ’ ಎಂದು ಮೆಚ್ಚಿದರು. ನನಗೂ ಸಂತೋಷವೇ. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನು ಕೂಸು ನಕ್ಕು ಗೆಲ್ಲಬೇಕಾಗಿತ್ತೇ? ನಗಲಾರದ ಕೂಸಾಗಿದ್ದರೆ? ಬೆಳವಣಿಗೆ ನಿಧಾನವಾದ, ಕಣ್ಣಿಗೆ ಕಣ್ಣು ಕೂಡಿಸಲಾರದ ಕೂಸುಗಳೂ ಮನೆಗಳಲ್ಲಿ ಹುಟ್ಟುತ್ತವೆ. ನಗು ಬಂದ ಮೇಲೆ ಪ್ರೀತಿ ಎನ್ನುವುದಾದರೆ ಅದು ಅಂಗಡಿಯ ವ್ಯವಹಾರ: ನೀನು ರೊಕ್ಕ ಕೊಡು, ನಾನು ಸಾಮಾನು ಕೊಡುತ್ತೇನೆ. ಎರೆಯುವ ಅಜ್ಜಿ ಹಾಗೆ ಕಾಯಲಿಲ್ಲ. ಮೊದಲು ಅವಳೇ ಕೊಟ್ಟಳು. ನಗು ಬಂದರೆ ಹಿಗ್ಗಿದಳು, ಬಾರದ ದಿನವೂ ನೀರಿನ ಹದವನ್ನು ಹಾಗೆಯೇ ನೋಡಿದಳು. ನ್ಯಾಯವೆಂದರೆ ಇದೇ ಎಂದು ನನಗನ್ನಿಸುತ್ತದೆ.

ಮುಗುಳ್ನಗೆಯಿಂದ ಸದ್ದಿನ ನಗುವಿಗೆ ಬರೋಣ. ಡಾರ್ವಿನ್ನನ ಮಗ 110ನೆಯ ದಿನ ಅದರ ಮೊದಲ ಸದ್ದು ಮಾಡಿದ. ಅವನ ಮುಖದ ಮೇಲೆ ಬಟ್ಟೆ ಹಾಕಿ ಥಟ್ಟನೆ ತೆಗೆದರೆ ಅವನಿಗೆ ಎಲ್ಲಿಲ್ಲದ ಮೋಜು. ಅಪ್ಪ ತನ್ನ ಮುಖವನ್ನೇ ಮುಚ್ಚಿ ತೆರೆದು ಹತ್ತಿರ ಬಂದರೂ ಅಷ್ಟೇ ಮೋಜು. ನಮ್ಮ ಹೆಂಗಸರು ಸೀರೆಯ ಸೆರಗಿನಿಂದ ಆಡುವ ಆಟವೂ ಅದೇ ಅಲ್ಲವೇ? ಮುಖ ಮಾಯವಾಗುತ್ತದೆ, ಒಂದು ಕ್ಷಣ ಆತಂಕ. ಮರಳಿ ಬರುತ್ತದೆ, ನಗು. ಹೋದದ್ದು ಮತ್ತೆ ಬರುತ್ತದೆಂಬ ಭರವಸೆ ಇದ್ದವರಿಗೆ ಮಾತ್ರ ಈ ಆಟದಲ್ಲಿ ನಗು ಬರುತ್ತದೆ. ಕಚಗುಳಿಯನ್ನೂ ನೋಡಿ: ನಮಗೆ ನಾವೇ ಇಟ್ಟುಕೊಂಡರೆ ನಗು ಬಾರದು. ಇನ್ನೊಬ್ಬರ ಕೈಯೇ ಬೇಕು, ಅದೂ ನಂಬಿದವರ ಕೈ.

ಅಮೆರಿಕದ ನೈಋತ್ಯ ಭಾಗದಲ್ಲಿರುವ ನವಾಹೊ ಎಂಬ ಮೂಲನಿವಾಸಿಗಳು ಈ ಮೊದಲ ಸದ್ದಿನ ನಗುವಿಗೆ ಒಂದು ಶಾಸ್ತ್ರವನ್ನೇ ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ ಕೂಸು ದೈವಗಳ ಕಡೆಯದು, ನಕ್ಕ ದಿನದಿಂದ ಮನುಷ್ಯರ ಕಡೆಯದು ಎಂದು ಅವರ ನಂಬಿಕೆ. ಕೂಸನ್ನು ಮೊದಲು ನಗಿಸಿದವರು ಯಾರೋ ಅವರೇ ಮುಂದೆ ನಿಂತು ಊಟ ಹಾಕಿಸಬೇಕು. ಕೂಸಿನ ಕೈ ಹಿಡಿದು ಅದರ ಕೈಯಿಂದಲೇ ಬಂದವರಿಗೆಲ್ಲ ಕಲ್ಲುಪ್ಪು, ತಿನಿಸು ಕೊಡಿಸುತ್ತಾರೆ. ನಕ್ಕ ಕೂಸು ಮೊದಲು ಕಲಿಯಬೇಕಾದದ್ದು ಕೊಡುವುದನ್ನು. ಉದಾರಿಯಾಗಿ ಬೆಳೆಯಲಿ ಎಂದು. ನಮ್ಮಲ್ಲಿ ಕೂಸು ಹೊಸ್ತಿಲು ದಾಟಿದರೆ ಹೊಸ್ತಿಲಿಗೆ ಪೂಜೆ ಮಾಡಿ ಸಿಹಿ ಹಂಚುತ್ತೇವೆ, ಮೊದಲ ತುತ್ತಿಗೆ ಶಾಸ್ತ್ರವಿದೆ, ಕಿವಿ ಚುಚ್ಚುವುದಕ್ಕೆ, ಜವಳಕ್ಕೆ ಶಾಸ್ತ್ರವಿದೆ. ಮೊದಲ ನಗುವಿಗೆ ನಾನು ಕಂಡಂತೆ ಇಲ್ಲ. ನಗುವ ಕೂಸಿನ ಮುಂದೆ ನಾವೂ ಉಪ್ಪು ಹಿಡಿಯುತ್ತೇವೆ ನಿಜ. ಆದರೆ ಅದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲು! ಆ ನಗುವನ್ನು ಯಾರಾದರೂ ಕದ್ದಾರು ಎಂದು ನಮಗೆ ಭಯ. ಅವರು ಅದೇ ಉಪ್ಪನ್ನು ಹಂಚುತ್ತಾರೆ. ನಮ್ಮ ಭಯಕ್ಕೂ ಕಾರಣವಿತ್ತು. ಎಷ್ಟೋ ಕೂಸುಗಳು ವರ್ಷ ತುಂಬುವ ಮುಂಚೆ ಕಣ್ಣುಮುಚ್ಚುತ್ತಿದ್ದ ಮನೆಗಳಲ್ಲಿ ಹುಟ್ಟಿದ ಪದ್ಧತಿ ಅದು. ಆದರೂ ಹಂಚುವ ಉಪ್ಪು ನನಗೆ ಹೆಚ್ಚು ಹಿಡಿಸಿತು.

ಕದ್ದಾರು ಎಂದು ಅಷ್ಟು ಕಾಪಾಡಿದ ನಗುವನ್ನು ಮುಂದೆ ನಾವೇ ಏನು ಮಾಡುತ್ತೇವೆ? ಮಾಧ್ಯಮಿಕ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನಾನು ಇದನ್ನು ದಿನಾ ನೋಡುತ್ತೇನೆ. ಐದನೆಯ ತರಗತಿಯಲ್ಲಿ ಬಾಯ್ತುಂಬ ನಗುತ್ತಿದ್ದ ಹುಡುಗಿಯರು ಎಂಟನೆಯದಕ್ಕೆ ಬರುವ ಹೊತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ‘ಹಲ್ಲು ಕಿಸೀಬ್ಯಾಡ’ ಎಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ‘ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು’ ಎಂಬ ಗಾದೆಯೂ ಜೊತೆಗಿದೆ. ಒಂದು ನಗುವಿಗಾಗಿ ಐವತ್ತು ದಿನ ಕಾದ ಅದೇ ಮನೆ, ಹನ್ನೆರಡು ವರ್ಷಕ್ಕೆ ಅದನ್ನು ತಪ್ಪೆನ್ನುತ್ತದೆ. ಮತ್ತೆ ಹೆಣ್ಣು ನೋಡಲು ಬಂದವರ ಮುಂದೆ ‘ಸ್ವಲ್ಪ ನಗವ್ವಾ’ ಎನ್ನುವುದೂ ಅದೇ ಮನೆ. ಬೇಡವೆಂದಾಗ ನಿಲ್ಲಿಸಬೇಕು, ಬೇಕೆಂದಾಗ ತೋರಿಸಬೇಕು. ಹೀಗೆ ಅಪ್ಪಣೆಯ ಮೇಲೆ ಬರುವ ನಗೆಯಲ್ಲಿ ತುಟಿ ಮಾತ್ರ ಇರುತ್ತದೆ. ಡಾರ್ವಿನ್ ಹುಡುಕಿದ ಕಣ್ಣಿನ ಹೊಳಪು ಅದರಲ್ಲಿರುವುದಿಲ್ಲ. ನನ್ನ ತರಗತಿಯಲ್ಲಿ ಹುಡುಗಿಯರು ನಕ್ಕರೆ ನಾನು ಕಾರಣ ಕೇಳುವುದಿಲ್ಲ. ವ್ಯಾಕರಣ ಐದು ನಿಮಿಷ ಕಾಯಬಲ್ಲದು.

ಬದುಕಿನ ಇನ್ನೊಂದು ತುದಿಯಲ್ಲೂ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ. ನಮ್ಮ ಮಾವನವರಿಗೆ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಇತ್ತು. ಅದರಲ್ಲಿ ಕೈ ನಡುಗುವುದು ಎಲ್ಲರಿಗೂ ಗೊತ್ತು. ಮುಖದ ಸ್ನಾಯುಗಳೂ ಬಿಗಿದು ಮುಖವಾಡದಂತಾಗುತ್ತವೆ ಎಂಬುದು ಎಷ್ಟೋ ಮನೆಗಳಿಗೆ ತಿಳಿದಿರುವುದಿಲ್ಲ. ಒಳಗೆ ಸಂತೋಷವಿದ್ದರೂ ಅದು ಮುಖಕ್ಕೆ ಬಂದು ಮುಟ್ಟುವುದಿಲ್ಲ. ಬಂದ ನೆಂಟರು ‘ಮಾವನವರಿಗೆ ನಾವು ಬಂದದ್ದು ಇಷ್ಟವಾಗಲಿಲ್ಲವೇನೋ’ ಎಂದು ಬೇಗನೆ ಏಳುತ್ತಿದ್ದರು. ಮೊಮ್ಮಗಳೊಬ್ಬಳು ಮಾತ್ರ ದಿನಾ ಅವರ ಹತ್ತಿರ ಕುಳಿತು ಶಾಲೆಯ ಕಥೆ ಹೇಳಿ ತಾನೇ ನಗುತ್ತಿದ್ದಳು. ‘ಅಜ್ಜಾ, ನಗು ಬಂತಲ್ಲ ನಿನಗ? ಬಂತಂತ!’ ಎಂದು ಉತ್ತರವನ್ನೂ ಅವಳೇ ಹೇಳಿಕೊಳ್ಳುತ್ತಿದ್ದಳು. ಬಚ್ಚಲಿನ ಅಜ್ಜಿಯ ಅದೇ ಭಾಷೆ ಅದು. ಅವಳಿಗೆ ಯಾರೂ ಕಲಿಸಿರಲಿಲ್ಲ.

ಮೊದಲು ನಕ್ಕವರು ಯಾರು ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇಷ್ಟೇ. ನಗು ಕೂಸಿನದು, ಅದರೊಳಗಿನಿಂದಲೇ ಬಂದದ್ದು. ನಾವು ಅದಕ್ಕೆ ಒಡೆಯರಲ್ಲ. ಆದರೆ ಮೊದಲು ನಕ್ಕವರು ನಾವು, ಮೊದಲು ನಗಬೇಕಾದವರೂ ನಾವೇ, ಏಕೆಂದರೆ ಬಲವಿರುವವರು ನಾವು. ಕೂಸಾಗಲಿ, ಕಾಯಿಲೆಯ ಮುದುಕರಾಗಲಿ, ಗೋಡೆಗೆ ಮುಖ ಮಾಡಿ ಮಲಗಿದ ಬಾಣಂತಿಯಾಗಲಿ, ಉತ್ತರ ಬಂದೀತೆಂಬ ಕರಾರಿನ ಮೇಲೆ ಅವರಿಗೆ ಮುಖ ಕೊಡಲಾಗುವುದಿಲ್ಲ. ಕೆಲವರಿಂದ ಉತ್ತರ 45ನೆಯ ದಿನ ಬರುತ್ತದೆ, ಕೆಲವರಿಂದ 96ನೆಯ ದಿನ, ಕೆಲವರಿಂದ ಬರುವುದೇ ಇಲ್ಲ. ಆದ್ದರಿಂದ ಇನ್ನು ಮುಂದೆ ಕೂಸನ್ನು ನೋಡಲು ಹೋದಾಗ ‘ನಗುತ್ತದೆಯೇ?’ ಎಂದು ತಾಯಿಯನ್ನು ಕೇಳುವುದು ಬೇಡ. ತೊಟ್ಟಿಲ ಹತ್ತಿರ ಒಂದು ಗೇಣು ದೂರಕ್ಕೆ ಬಗ್ಗಿ ನಾವೇ ನಕ್ಕರಾಯಿತು. ಹಾಗೆಯೇ, ಏಳುವ ಮುಂಚೆ, ಬಾಣಂತಿಯ ಕಡೆಗೂ ಒಮ್ಮೆ ಮುಖ ಕೊಟ್ಟು ‘ನೀನು ಹೇಗಿದ್ದೀ ತಂಗಿ?’ ಎಂದು ಕೇಳಿದರೆ ಇನ್ನೂ ಒಳ್ಳೆಯದು.